ಸಾವಕಾಶ ಬಾಯಿ

ಹುಕ್ಕೇರಿಯ ಒಂದು ಸರಕಾರಿ ಕಚೇರಿಯಲ್ಲಿ ಮೂರನೆಯ ಕಿಟಕಿಯ ಹಿಂದೆ ಕೂಡುತ್ತಿದ್ದ ಯಶೋಧರಾಗೆ ಸುತ್ತಲಿನ ಹಳ್ಳಿಯ ಜನ ‘ಸಾವಕಾಶ ಬಾಯಿ’ ಎಂದು ಹೆಸರಿಟ್ಟಿದ್ದರು. ಎದುರಿಗೆ ನಿಂತು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಸಾಲಿನಲ್ಲಿ ಹಿಂದೆ ನಿಂತವರು ಮುಂದಿನವರನ್ನು ಕೇಳುವುದು ಕಿಟಕಿಯ ಒಳಗೂ ಬೀಳುತ್ತಿತ್ತು.

“ಯಾವ ಕಿಟಕ್ಯಾಗ ಐತಿ ನಿಮ್ದು? ಸಾವಕಾಶ ಬಾಯಿ ಕಡೇನ? ಹಂಗಾರ ಬುತ್ತಿ ಕಟಗೊಂಡ ಬಂದೀರಿಲ್ಲೊ?”

ಸುತ್ತ ನಿಂತವರು ನಗುತ್ತಿದ್ದರು. ಯಶೋಧರಾ ಪರದೆಯ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ಪರದೆಯ ಮೇಲೆ ಒಂದು ನೀಲಿ ಉಂಗುರ ತಿರುಗುತ್ತಲೇ ಇರುತ್ತಿತ್ತು.

ಅದೇ ಯಶೋಧರಾ ಒಂದು ಕಾಲದಲ್ಲಿ ಕೈವೇಗದ ಹುಡುಗಿಯೆಂದು ಮೂಡಲಗಿಯಲ್ಲಿ ಹೆಸರು ಮಾಡಿದ್ದವಳು ಎಂದರೆ ಆ ಸಾಲಿನಲ್ಲಿ ಯಾರೂ ನಂಬುತ್ತಿರಲಿಲ್ಲ.

ಅವಳು ಹುಟ್ಟಿದ್ದು ಗೋಕಾಕ ತಾಲೂಕಿನ ಮಮದಾಪುರದಲ್ಲಿ. ತಂದೆ ವಿಠ್ಠಲ, ತಾಯಿ ಸತ್ತೆವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿಯುವವರು. ವಿಠ್ಠಲ ಬುದ್ಧನ ದಾರಿಗೆ ಬಂದ ವರ್ಷವೇ ಹುಟ್ಟಿದ ಮಗಳಿಗೆ ಯಶೋಧರಾ ಎಂದು ಹೆಸರಿಟ್ಟ. ಸಾಲೆಯಲ್ಲಿ ಹೆಸರು ಹಚ್ಚುವಾಗ ಮಾಸ್ತರರು ‘ಯಶೋದಾ’ ಎಂದು ಬರೆದುಕೊಂಡರು. ವಿಠ್ಠಲ ಅಕ್ಷರ ಓದಬಲ್ಲವನಲ್ಲ. ಆದರೂ ಮಾಸ್ತರರು ಓದಿ ಹೇಳಿದ್ದನ್ನು ಕೇಳಿ, “ಯಶೋದಾ ಅಲ್ರಿ, ಯಶೋಧರಾ. ಅಳಸಿ ಬರೀರಿ” ಎಂದು ಅಲ್ಲಿಯೇ ನಿಂತ. ಮಾಸ್ತರರು ಅಳಿಸಿ ಬರೆದರು. ಊರಿನವರು ಮಾತ್ರ ಕೊನೆಯವರೆಗೂ ಯಶೋದಾ ಎಂದೇ ಕರೆದರು.

ಕಾಲೇಜು ಮುಗಿಸಿ ಅವಳು ಗೋಕಾಕದ ಒಂದು ಕಂಪ್ಯೂಟರ್ ಕ್ಲಾಸಿಗೆ ಹೋದಳು. ಒಂದು ಕೋಣೆ, ಕೆಲವು ಯಂತ್ರಗಳು, ಒಂದೊಂದರ ಮುಂದೆ ಇಬ್ಬಿಬ್ಬರು ಹುಡುಗಿಯರು. ಪಕ್ಕದವಳು ಬಾರದ ದಿನ ಇಡೀ ಯಂತ್ರ ತನ್ನದಾಗುತ್ತದೆಂದು ಯಶೋಧರಾ ಮೊದಲನೆಯ ಬಸ್ಸಿಗೇ ಹೊರಡುತ್ತಿದ್ದಳು. ಕೀಲಿಮಣೆ ನೋಡದೆ ಕನ್ನಡ ಹೊಡೆಯುವುದನ್ನು ಆ ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಕಲಿತವಳು ಅವಳು. ಅಲ್ಲಿಂದ ಮೂಡಲಗಿಗೆ, ಕರೆಪ್ಪ ಎಂಬುವರ ಪ್ರಿಂಟಿಂಗ್ ಪ್ರೆಸ್ಸಿಗೆ ಕೆಲಸಕ್ಕೆ ಸೇರಿದಳು. ಲಗ್ನಪತ್ರಿಕೆ, ಹೊಸ ಅಂಗಡಿಯ ಕರಪತ್ರ, ಸತ್ತವರ ಫೋಟೊ ಹಾಕಿದ ಕಾರ್ಡು, ಎಲ್ಲವೂ ಅವಳ ಕೈಯಿಂದಲೇ ಆಗುತ್ತಿತ್ತು. ಗಿರಾಕಿ ಎದುರಿಗೆ ಕೂತು ಬೀಗರ ಹೆಸರುಗಳನ್ನು ಹೇಳುತ್ತಾ ಹೋದರೆ, ಅವನ ಬಾಯಿ ಮುಚ್ಚುವ ಹೊತ್ತಿಗೆ ಹೆಸರು ಪರದೆಯ ಮೇಲಿರುತ್ತಿತ್ತು. “ಈಕಿ ಬೆರಳಿಗೆ ಮಷಿನ್ನ ಸಾಲೂದಿಲ್ಲ ನೋಡ್ರಿ” ಎಂದು ಕರೆಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು.

ಹಿಡಕಲ್ ಅಣೆಕಟ್ಟಿನಲ್ಲಿ ಕೆಲಸ ಮಾಡುತ್ತಿದ್ದ ಅರ್ಜುನನ ಜೊತೆ ಅವಳ ಮದುವೆಯಾಯಿತು. ಗೇಟಿನ ಹಲ್ಲುಗಾಲಿಗಳಿಗೆ ಗ್ರೀಸ್ ಹಚ್ಚುವುದು, ನೀರಿನ ಮಟ್ಟ ನೋಡುವುದು ಅವನ ಕೆಲಸ. ಕಾಲನಿಯ ಮನೆಯಿಂದ ಮೂಡಲಗಿ ದೂರವಾಯಿತು. ಹುಕ್ಕೇರಿಯ ಕಚೇರಿಗೆ ಗುತ್ತಿಗೆಯ ಮೇಲೆ ಕಂಪ್ಯೂಟರ್ ಹೊಡೆಯುವವರು ಬೇಕಾಗಿದ್ದಾರೆಂದು ಗೊತ್ತಾಗಿ ಅವಳು ಅಲ್ಲಿ ಸೇರಿಕೊಂಡಳು. ಅಂದಿನಿಂದ ಮೂರನೆಯ ಕಿಟಕಿಯೇ ಅವಳ ಜಾಗ.

ಅಲ್ಲಿದ್ದ ಹಳೆಯ ಕಂಪ್ಯೂಟರ್ ಕೆಟ್ಟ ಮೇಲೆ ಅವಳಿಗೊಂದು ಹೊಸ ಯಂತ್ರ ಬಂತು. ಗುಂಡಿ ಒತ್ತಿ ಕುರ್ಚಿ ಎಳೆದುಕೊಳ್ಳುವುದರೊಳಗೆ ಅದು ಸಿದ್ಧವಾಗಿರುತ್ತಿತ್ತು. ಜನ ಆದಾಯದ ದಾಖಲೆ, ವಾಸದ ದಾಖಲೆ, ಪಿಂಚಣಿಯ ಅರ್ಜಿ ಎಂದು ಬಂದು ನಿಂತರೆ ಕೈಗೆ ಕೊಟ್ಟು ಕಳಿಸುತ್ತಿದ್ದಳು. ಆ ದಿನಗಳಲ್ಲಿ ಅವಳನ್ನು ಯಾರೂ ಯಾವ ಹೆಸರಿನಿಂದಲೂ ಕರೆಯಲಿಲ್ಲ. ಕೆಲಸ ಬೇಗ ಆದಾಗ ಕಿಟಕಿಯ ಹಿಂದೆ ಯಾರಿದ್ದರೆಂದು ಜನ ನೋಡುವುದಿಲ್ಲ.

ಆ ಮೇಲೆ ಒಂದೊಂದಾಗಿ ಬರತೊಡಗಿದವು. ಹೊಸ ಸಾಹೇಬರು ಬಂದಾಗ ಒಂದು ಹೊಸ ತಂತ್ರಾಂಶ. ಹೊಸ ಯೋಜನೆಗೆ ಮತ್ತೊಂದು. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಡಬ್ಬಿ ಬದಲಾಯಿತು; ಹಳೆಯದರ ತಂತ್ರಾಂಶ ಒಳಗೇ ಉಳಿದು ಹೊಸದರದ್ದು ಸೇರಿತು. ಪ್ರಿಂಟರ್ ಮೂರು ಸಲ ಬದಲಾಯಿತು. ವೈರಸ್ ತಡೆಯಲೆಂದು ಒಬ್ಬರು ಒಂದನ್ನು ಹಾಕಿದರು, ಅದು ಸಾಲದೆಂದು ಇನ್ನೊಬ್ಬರು ಇನ್ನೊಂದನ್ನು ಹಾಕಿದರು. ಒಂದು ದಿನ ಬೆಳಗಾವಿಯಿಂದ ಬಂದ ಯಾರೋ ಇಡೀ ದಿನ ಕೂತು, ಒಳಗಿನ ವ್ಯವಸ್ಥೆಯನ್ನೇ ಹೊಸದಕ್ಕೆ ಏರಿಸಿ ಹೋದರು. ಮರುದಿನದಿಂದ ಪರದೆ ಚಂದ ಕಾಣತೊಡಗಿತು, ಯಂತ್ರ ಭಾರವಾಯಿತು.

ಅದು ಒಮ್ಮೆಲೇ ಆದದ್ದಲ್ಲವಾದ್ದರಿಂದ ಅವಳಿಗೂ ಬೇಗ ತಿಳಿಯಲಿಲ್ಲ. ಮುಂಜಾನೆ ಗುಂಡಿ ಒತ್ತಿ ಚಹಾ ಕುಡಿದು ಬರುವುದು ರೂಢಿಯಾಯಿತು. ಆಮೇಲೆ ಚಹಾ ಕುಡಿದು, ಲೋಟ ತೊಳೆದು, ಟೇಬಲ್ಲು ಒರೆಸಿದರೂ ಅದು ಏಳುತ್ತಿರಲಿಲ್ಲ. ಮೇಲ್ವಿಚಾರಕ ಮಾಲಿಂಗಪ್ಪನವರಿಗೆ ಅವಳು ಹೇಳಿದಳು. ನಿವೃತ್ತಿಗೆ ಹತ್ತಿರವಾಗಿದ್ದ ಮಾಲಿಂಗಪ್ಪನವರು ಕೆಟ್ಟವರಲ್ಲ, ಆದರೆ ಯಾವುದನ್ನೂ ಮೈಮೇಲೆ ಎಳೆದುಕೊಳ್ಳುವವರಲ್ಲ.

“ಯಶೋದಾಬಾಯಿ, ಬಂದ್ ಬಿದ್ದೈತೇನ?”

“ಇಲ್ರಿ ಸರ್, ನಡೀತೈತಿ. ಆದ್ರ ಭಾಳ ಸಾವಕಾಶ…”

“ನಡ್ಯಾಕತ್ತೇತಿ ಅಂದ್ರ ನಡೀಲಿ ಬಿಡ್ರಿ. ಬಂದ್ ಬಿದ್ದಾಗ ನೋಡೂಣು.”

ಈ ಮಾತು ಅವರಿಬ್ಬರ ನಡುವೆ ಎಷ್ಟೋ ಸಲ ಆಯಿತು. ಅಷ್ಟರಲ್ಲಿ ಎರಡನೆಯ ಕಿಟಕಿಗೆ ಸುನೀಲ ಎಂಬ ಹೊಸ ನೌಕರ ಬಂದ. ಅವನ ಜೊತೆಗೇ ಅಲ್ಲಿಗೊಂದು ಹೊಸ ಯಂತ್ರವೂ ಬಂತು. ಎರಡೂ ಕಿಟಕಿಯಲ್ಲಿ ಒಂದೇ ಕೆಲಸ. ಸುನೀಲನ ಸಾಲು ಸರಸರನೆ ಕರಗುತ್ತಿತ್ತು, ಅವಳ ಸಾಲು ಹೊರಗಿನ ಬೇವಿನ ಗಿಡದವರೆಗೆ ಬೆಳೆಯುತ್ತಿತ್ತು. ‘ಸಾವಕಾಶ ಬಾಯಿ’ ಎಂಬ ಹೆಸರು ಹುಟ್ಟಿದ್ದು ಆಗಲೇ.

ಅದಕ್ಕಿಂತ ಕೆಟ್ಟದ್ದೆಂದರೆ, ಯಶೋಧರಾ ತಾನೂ ಅದನ್ನು ಅರ್ಧ ನಂಬತೊಡಗಿದ್ದು. ವಯಸ್ಸು ನಲವತ್ತು ದಾಟಿತ್ತು. ಬಲಭುಜದಲ್ಲಿ ಒಂದು ನೋವು ಮನೆ ಮಾಡಿತ್ತು. ಸಂಜೆಯ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತು, ಸೆರಗಿನ ಕೆಳಗೆ ತೊಡೆಯ ಮೇಲೆ ಬೆರಳಾಡಿಸಿ ತನ್ನ ಹೆಸರನ್ನು, ಊರಿನ ಹೆಸರನ್ನು, ರಸ್ತೆಯ ಬದಿಯ ಅಂಗಡಿಗಳ ಹೆಸರನ್ನು ಹೊಡೆದು ನೋಡುತ್ತಿದ್ದಳು. ಬೆರಳು ಸರಿಯಾಗಿಯೇ ಓಡುತ್ತಿದ್ದವು ಅನಿಸುತ್ತಿತ್ತು. ಆದರೆ ತೊಡೆಯ ಮೇಲೆ ಹೊಡೆದದ್ದಕ್ಕೆ ಸಾಕ್ಷಿ ಯಾರು?

ಒಂದು ಸಂತೆಯ ದಿನ. ಸಂತೆಗೆ ಬಂದವರೆಲ್ಲ ಕಚೇರಿಯ ಕೆಲಸವನ್ನೂ ಮುಗಿಸಿಕೊಂಡು ಹೋಗೋಣವೆಂದು ಬರುವುದರಿಂದ ಅಂದು ಎಂದಿಗಿಂತ ಹೆಚ್ಚು ಗದ್ದಲ. ಸಾಲಿನ ಮುಂದೆ ಮರೆವ್ವ ಎಂಬ ಮುದುಕಿ ನಿಂತಿದ್ದಳು. ಕುರಿ ಕಾಯುವ ಮನೆತನದವಳು, ಗಂಡ ತೀರಿಹೋಗಿದ್ದ. ತಾನು ಬದುಕಿದ್ದೇನೆಂಬ ದಾಖಲೆ ಒದಗಿಸಬೇಕಾಗಿತ್ತು. ಅದಿಲ್ಲದೆ ಪಿಂಚಣಿ ನಿಂತಿತ್ತು. ಹಿಂದೆ ಎರಡು ಸಲ ಬಂದು, ಎರಡೂ ಸಲ ಯಂತ್ರ ನಡುವೆ ನಿಂತು, ಬರಿಗೈಯಲ್ಲಿ ಹೋಗಿದ್ದಳು.

ಯಶೋಧರಾ ಅವಳ ವಿವರ ತುಂಬಿದಳು. ಹೆಬ್ಬೆಟ್ಟು ಇಡಿಸಿದಳು. ಉಂಗುರ ತಿರುಗಿತು. ಪರದೆ ಬಿಳಿಚಿಕೊಂಡಿತು. ಮತ್ತೆ ಮೊದಲಿನಿಂದ ತೆರೆದಳು, ಮತ್ತೆ ತುಂಬಿದಳು, ಮತ್ತೆ ಹೆಬ್ಬೆಟ್ಟು. ಈ ಸಲ ಎಲ್ಲವೂ ಆಗಿ ಕೊನೆಯ ಗುಂಡಿ ಒತ್ತಿದಾಗ, ಮಧ್ಯಾಹ್ನಕ್ಕೆಂದು ಕಾದಿದ್ದ ಯಾವುದೋ ತಂತ್ರಾಂಶ ತನ್ನನ್ನು ತಾನೇ ಹೊಸದಾಗಿಸಿಕೊಳ್ಳಲು ಶುರು ಮಾಡಿತು. ಬಾಣದ ಗುರುತು ಕೂಡ ಅಲುಗಾಡಲಿಲ್ಲ.

ಸಾಲಿನಲ್ಲಿ ಬಿಳಿ ಅಂಗಿಯ ಒಬ್ಬ ಮನುಷ್ಯ ಜೋರಾಗಿ ಹೇಳಿದ: “ಬರಾಕಿಲ್ಲದವ್ರನ್ನ ತಂದ ಕೂಡಸ್ತಾರ. ಇಂಥವ್ರನ್ನ ಯಾಕ ಕೂಡಸ್ತಾರ ಅಂತ ಎಲ್ಲಾರಿಗೂ ಗೊತ್ತೈತಿ ತಗೋರಿ.”

ಆ ‘ಇಂಥವ್ರು’ ಎಂಬುದರ ಅರ್ಥವನ್ನು ಯಶೋಧರಾಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೋಕಾಕದ ಕ್ಲಾಸಿನಲ್ಲೂ ಅದನ್ನು ಕೇಳಿದ್ದಳು, ಬೇರೆ ಕಡೆಯೂ ಕೇಳಿದ್ದಳು. ಅವಳು ತಲೆ ಎತ್ತಲಿಲ್ಲ. ಸಾಲಿನಲ್ಲಿ ಯಾರೂ ಅವನಿಗೆ ಎದುರಾಡಲಿಲ್ಲ.

“ಯಜಮಾನತಿ, ಯಂತ್ರ ನಿಂತೈತಿ. ನನ್ನ ಕೈಯಾಗ ಏನೂ ಇಲ್ಲ. ಸ್ವಲ್ಪ ಕುಂದರ್ರಿ” ಎಂದಳು ಮರೆವ್ವನಿಗೆ.

ಮರೆವ್ವ ಕಿಟಕಿಯ ಕಂಬಿ ಹಿಡಿದು ಅವಳನ್ನೇ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

“ನಿನ್ನ ಕೈಯಾಗ ಏನೂ ಇಲ್ಲಂದ್ರ ಅಲ್ಲಿ ಯಾಕ ಕುಂತೀ, ಯವ್ವಾ?”

ಯಶೋಧರಾ ಮತ್ತೊಮ್ಮೆ ಗುಂಡಿ ಒತ್ತಿ ನೋಡಿದಳು. ಮರೆವ್ವ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೋದಳು.

ಬಿಳಿ ಅಂಗಿಯವನ ಮಾತಿಗಿಂತ ಈ ಮಾತು ಅವಳನ್ನು ಹೆಚ್ಚು ಕಾಡಿತು. ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಅರ್ಜುನನಿಗೆ ನಡೆದದ್ದನ್ನು ಹೇಳಿದಳು. ಅವನು ಬಿಳಿ ಅಂಗಿಯವನಿಗೆ ನಾಲ್ಕು ಬೈದ. ಆಮೇಲೆ, ಸಮಾಧಾನ ಹೇಳುವ ದನಿಯಲ್ಲೇ ಅಂದ:

“ನೀನೂ ಮನಸಿಗೆ ಹಚಗೋಬ್ಯಾಡ. ವಯಸ್ಸಾತು, ಕೈ ಸಾವಕಾಶ ಆಕ್ಕೈತಿ. ನನಗೂ ಈಗ ಗೇಟಿನ ಹ್ಯಾಂಡಲ್ ಮೊದಲಿನಂಗ ತಿರುವಾಕ ಆಗೂದಿಲ್ಲ.”

ಅವಳು ರೊಟ್ಟಿ ತಿರುವಿ ಹಾಕಿದಳು. ‘ನನ್ನ ಕೈ ಅಲ್ಲ, ಯಂತ್ರ’ ಎಂದು ಹೇಳಬೇಕೆನಿಸಿತು. ಹೇಳಿದರೆ ಅದು ನೆವ ಹೇಳಿದಂತೆ ಕೇಳಿಸುತ್ತದೆ ಎಂದು ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.

ಸಂತೆಯ ದಿನದ ಗದ್ದಲ ಮೇಲಿನ ಸಾಹೇಬರ ಕಿವಿಗೆ ಬಿದ್ದಿತ್ತು. ಮರುದಿನ ಮಾಲಿಂಗಪ್ಪನವರು ಇಬ್ಬರನ್ನೂ ಕರೆದು ಜಾಗ ಬದಲಾಯಿಸಿದರು. ಮೂರನೆಯ ಕಿಟಕಿಯಲ್ಲಿ ಸಾಲು ಉದ್ದ, ಅಲ್ಲಿ ಸುನೀಲ ಕೂಡಲಿ. ಯಶೋದಾಬಾಯಿ ಎರಡನೆಯದರಲ್ಲಿ ಕೂಡಲಿ, ಅಲ್ಲಿ ಸ್ವಲ್ಪ ಜನರನ್ನು ಬಿಟ್ಟರಾಯಿತು ಎಂದು ಅವರ ಲೆಕ್ಕ. ಯಶೋಧರಾ ತನ್ನ ನೀರಿನ ಬಾಟಲಿ, ಬೆನ್ನಿಗೆ ಇಟ್ಟುಕೊಳ್ಳುವ ದಿಂಬು ತೆಗೆದುಕೊಂಡು ಎರಡನೆಯ ಕಿಟಕಿಗೆ ಹೋಗಿ ಕೂತಳು.

ಗುಂಡಿ ಒತ್ತಿದಳು. ಯಂತ್ರ ಎದ್ದಿತು. ಮೊದಲನೆಯವನ ಹೆಸರು ಕೇಳಿದಳು, ಹೊಡೆದಳು, ಪರದೆ ಮುಂದಕ್ಕೆ ಹೋಯಿತು. ಎರಡನೆಯವನು, ಮೂರನೆಯವನು. ಬೆರಳು ಓಡುತ್ತಿದ್ದವು. ಕರೆಪ್ಪನವರ ಪ್ರೆಸ್ಸಿನಲ್ಲಿ ಓಡಿದಂತೆಯೇ ಓಡುತ್ತಿದ್ದವು. ನಡುವೆ ಒಮ್ಮೆ ಕೈ ನಿಲ್ಲಿಸಿ ಅಂಗೈ ತಿರುವಿ ನೋಡಿಕೊಂಡಳು. ಬಾಟಲಿ ತೆಗೆದು ನೀರು ಕುಡಿದಳು.

“ಏ, ಈ ಬಾಯಿ ಇಲ್ಲಿ ಜೋರ ಅದಾಳಲ್ಲೊ!” ಎಂದ ಸಾಲಿನಲ್ಲಿ ಒಬ್ಬ.

ಮೂರನೆಯ ಕಿಟಕಿಯ ಮುಂದೆ ಸಾಲು ಬೇವಿನ ಗಿಡ ದಾಟಿತ್ತು. ಸುನೀಲ ಮೊದಲು ಮೌಸನ್ನು ಟೇಬಲ್ಲಿಗೆ ಕುಟ್ಟಿದ, ಆಮೇಲೆ ಯಂತ್ರದ ಡಬ್ಬಿಯನ್ನು ಕಾಲಿನಿಂದ ಒದ್ದ. ಊಟದ ಹೊತ್ತಿಗೆ ಮಾಲಿಂಗಪ್ಪನವರ ಟೇಬಲ್ಲಿನ ಮುಂದೆ ನಿಂತಿದ್ದ.

“ಸರ್, ಇದ್ರ ಮ್ಯಾಲೆ ಯಾರೂ ಕೆಲಸಾ ಮಾಡಾಕ ಆಗೂದಿಲ್ರಿ. ಮಷಿನ್ನ ಪೂರಾ ಮಲಗೇತಿ.”

ಮಾಲಿಂಗಪ್ಪನವರು ಆಗಿಂದಾಗಲೇ ಗೋಕಾಕಕ್ಕೆ ಫೋನು ಮಾಡಿ ರಿಪೇರಿಯವನನ್ನು ಕರೆಸಿದರು. ಆ ಫೋನಿನ ಮಾತು ಎರಡನೆಯ ಕಿಟಕಿಗೆ ಕೇಳಿಸುತ್ತಿತ್ತು. ತಾನು ವರ್ಷಗಟ್ಟಲೆ ಹೇಳಿದ್ದು ದೂರು ಎನಿಸಲಿಲ್ಲ. ಸುನೀಲ ಅರ್ಧ ದಿನ ಕೂತು ಹೇಳಿದ್ದು ದೂರಾಯಿತು. ಸಿಟ್ಟು ಬರಬೇಕಾಗಿತ್ತು. ಸಿಟ್ಟಿಗೂ ಸ್ವಲ್ಪ ಕಸುವು ಬೇಕು, ಅದು ಅವಳಲ್ಲಿ ಉಳಿದಿರಲಿಲ್ಲ. ಎದುರಿಗೆ ಜನ ಇದ್ದರು, ಮುಂದಿನವರನ್ನು ಕರೆದಳು.

ರಿಪೇರಿಯ ಉಮೇಶ ಮರುದಿನ ಬಂದ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಬೈಕಿನ ಮೇಲೆ ತಿರುಗುವವನು. ಅವನ ತಂದೆ ಬೀರಸಿದ್ದಪ್ಪ ಇನ್ನೂ ಕುರಿ ಕಾಯುತ್ತಿದ್ದ. ಮಗ ಮಾತ್ರ ಸ್ಕ್ರೂಡ್ರೈವರ್ ಹಿಡಿದಿದ್ದ. ಯಂತ್ರವನ್ನು ತೆರೆದು, ಒಳಗಿನ ಫ್ಯಾನಿಗೆ ಕಂಬಳಿಯಂತೆ ಹತ್ತಿದ್ದ ಧೂಳನ್ನು ಕುಂಚದಿಂದ ತೆಗೆದ. ಆಮೇಲೆ ಅದನ್ನು ಹಚ್ಚಿ, ಗುಂಡಿ ಒತ್ತಿದ ಕೂಡಲೇ ಒಳಗೆ ಏನೇನು ಏಳುತ್ತವೆ ಎಂಬುದನ್ನು ಪರದೆಯ ಮೇಲೆ ತೆರೆದ. ಅದು ಮುಗಿಯುತ್ತಲೇ ಇರಲಿಲ್ಲ.

“ಸರ್, ಇದ್ರಾಗ ಬೇಕಾದ್ದು ಯಾವ್ದು, ಬ್ಯಾಡಾದ್ದು ಯಾವ್ದು?” ಎಂದು ಕೇಳಿದ.

ಮಾಲಿಂಗಪ್ಪನವರು ಸುನೀಲನ ಮುಖ ನೋಡಿದರು. ಸುನೀಲನಿಗೆ ಗೊತ್ತಿರಲಿಲ್ಲ. ಕೊನೆಗೆ ಯಶೋಧರಾಳನ್ನು ಕರೆದರು. ಅವಳು ಕುರ್ಚಿ ಎಳೆದುಕೊಂಡು ಉಮೇಶನ ಪಕ್ಕ ಕೂತಳು.

“ಇದು?”

“ಹಿಂದಿನ ಸಾಹೇಬ್ರು ಹಾಕಸಿದ್ದು. ಅವ್ರು ವರ್ಗ ಆಗಿ ಹೋದ್ರು.”

“ಇದು ಯಾವ ಪ್ರಿಂಟರಿಂದು?”

“ಆ ಪ್ರಿಂಟರ್ ಮೂಲ್ಯಾಗ ಬಿದ್ದೈತಿ. ಅದರ ಮ್ಯಾಲೆ ಈಗ ಕ್ಯಾಲೆಂಡರ್ ಇಟ್ಟಾರ.”

ಉಮೇಶ ನಕ್ಕ. ಇಬ್ಬರೂ ಒಂದೊಂದಾಗಿ ನೋಡುತ್ತ ಹೋದರು. ಮುಗಿದುಹೋದ ಯೋಜನೆಯ ತಂತ್ರಾಂಶ, ಕೊರೊನಾ ಕಾಲದಲ್ಲಿ ಸಭೆಗೆಂದು ಹಾಕಿದ್ದು, ಹವಾಮಾನ ಹೇಳುವುದು, ಯಾರೂ ಆಡದ ಒಂದು ಇಸ್ಪೀಟಿನ ಆಟ. ಇವೆಲ್ಲ ದಿನಾ ಮುಂಜಾನೆ ಎದ್ದು, ಯಾರೂ ಕರೆಯದಿದ್ದರೂ ದಿನವಿಡೀ ಕಾದು ಕೂಡುತ್ತಿದ್ದವು.

“ತಮ್ಮಾ, ನನಗೊಂದ ತಿಳೀವಲ್ದು,” ಎಂದಳು ಯಶೋಧರಾ. “ಮಷಿನ್ನೂ ಅದೇ. ನಾ ಹೊಡಿಯೂದೂ ಅದೇ. ಬಂದಾಗ ಗಾಳಿಯಂಗ ಓಡತಿತ್ತು. ಈಗ ಯಾಕ ಹಿಂಗಾತು? ಇದಕ್ಕೂ ವಯಸ್ಸ ಆಗತೈತೇನ?”

ಉಮೇಶ ಕೈ ಒರೆಸಿಕೊಂಡ. “ಒಳಗಿನ ಡಿಸ್ಕ್ ಸವಿತೈತ್ರಿ ಅಕ್ಕಾರ, ಧೂಳ ಕುಂತ್ರ ಕಾಯ್ತೈತಿ, ಕಾದ್ರ ತಾನ ವೇಗ ಕಡಿಮಿ ಮಾಡ್ಕೋತೈತಿ. ಅದು ಖರೆ. ಆದ್ರ ಅದು ಸ್ವಲ್ಪ. ಇದರ ಮೆದುಳು ಮೊದಲ ದಿನಾ ಎಷ್ಟ ಓಡತಿತ್ತೊ ಇವತ್ತೂ ಅಷ್ಟ ಓಡತೈತಿ. ಹೊರಿ ಜಾಸ್ತಿ ಆಗೇತಿ ನೋಡ್ರಿ. ಹಾಕೂದ ಎಲ್ಲಾರೂ ಹಾಕ್ತಾರ, ತಗಿಯೂದ ಯಾರೂ ತಗಿಯೂದಿಲ್ಲ. ಮ್ಯಾಲೆ ಆಪರೇಟಿಂಗ್ ಸಿಸ್ಟಮ್ ಹೊಸದು ಹಾಕ್ಯಾರ. ಅದನ್ನ ಮಾಡಿದವ್ರು ಹೊಸಾ ಮಷಿನ್ನ ಕಣ್ಣ ಮುಂದ ಇಟ್ಕೊಂಡ ಮಾಡಿರ್ತಾರ. ಹಳೇ ಮಷಿನ್ನ ಅದನ್ನ ಹೊತಗೊಂಡ ನಿಂದ್ರೂದಕ್ಕ ಅರ್ಧ ಕಸುವು ಹೋಗತೈತಿ. ಮೆಮೊರಿಯಾಗ ಜಾಗಾ ಇಲ್ಲದ್ದಕ್ಕ ಡಿಸ್ಕಿನ್ಯಾಗ ಇಟ್ಟು ತಗದು, ಇಟ್ಟು ತಗದು ಮಾಡ್ತೈತಿ. ಡಿಸ್ಕೂ ತುಂಬೇತಿ. ಆ ಉಂಗುರ ತಿರಗೂದು ಅದಕ್ಕ.”

“ಹಂಗಾರ ಇದರದೂ ತಪ್ಪಿಲ್ಲ.”

“ಯಾರದೂ ತಪ್ಪಿಲ್ಲ ಅಂತಾರ್ರಿ, ಕೇಳಿದ್ರ. ಒಬ್ಬೊಬ್ರು ಒಂದೊಂದ ಹಾಕಿರ್ತಾರ.”

ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದೇ ನೆಟ್ಟಗಿನ ದಾರಿ ಎಂದ ಉಮೇಶ. ಆದರೆ ಕೆಲವು ಕಚೇರಿಯ ತಂತ್ರಾಂಶಗಳ ಮೂಲ ಪ್ರತಿ ಯಾರ ಬಳಿಯೂ ಉಳಿದಿರಲಿಲ್ಲ; ಅಳಿಸಿದರೆ ಹೋಯಿತು. ಹಾಗಾಗಿ ಕೈಯಿಂದಲೇ ಒಂದೊಂದನ್ನು ಕಿತ್ತರು. ಒಂದನ್ನು ಕಿತ್ತಾಗ ಹೆಬ್ಬೆಟ್ಟಿನ ಡಬ್ಬಿ ಸತ್ತಿತು. ಇಬ್ಬರೂ ಗಾಬರಿಯಾಗಿ ಅದನ್ನು ಮತ್ತೆ ಹಾಕಿದರು. ಸ್ಟೋರ್ ರೂಮಿನಲ್ಲಿ ಕೆಟ್ಟು ಬಿದ್ದಿದ್ದ ಒಂದು ಯಂತ್ರದಿಂದ ಮೆಮೊರಿಯ ಪಟ್ಟಿ ಬಿಚ್ಚಿ ತಂದು ಉಮೇಶ ಇದಕ್ಕೆ ಸೇರಿಸಿದ. ಕಚೇರಿ ಮುಚ್ಚುವ ಹೊತ್ತಿಗೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರು. ಅದು ಹೊಸದರಂತೆ ಅಲ್ಲದಿದ್ದರೂ, ಕರೆದರೆ ಓಗೊಡುವಂತೆ ಎದ್ದಿತು.

“ಇನ್ನ ಒಂದ ಮಾತ ಹೇಳ್ತೇನ್ರಿ ಅಕ್ಕಾರ,” ಎಂದ ಉಮೇಶ ಚೀಲ ಕಟ್ಟುತ್ತ. “ಜೋರ ಆತು ಅಂತ ಗೊತ್ತಾದ್ರ ಮತ್ತ ತಂದ ತುಂಬ್ತಾರ. ನಾ ಎಲ್ಲಾ ಕಡೆ ಅದನ್ನ ನೋಡೇನಿ.”

ಯಶೋಧರಾ ಮತ್ತೆ ಮೂರನೆಯ ಕಿಟಕಿಗೆ ಬಂದಳು. ಮೊದಲು ಮಾಡಿದ ಕೆಲಸ ಮರೆವ್ವನದು. ಆ ಊರಿನ ಕಡೆಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದಳು. ಎರಡು ದಿನ ಬಿಟ್ಟು ಮರೆವ್ವ ಬಂದಳು, ಹೆಬ್ಬೆಟ್ಟು ಇಟ್ಟಳು, ಕಾಗದ ಬಂತು. ಕಾಗದವನ್ನು ತಿರುವಿ ಮುರುವಿ ನೋಡಿದಳು.

“ಇಷ್ಟ ಏನ?”

“ಇಷ್ಟ ರಿ.”

“ಹಂಗಾರ ಅವತ್ತ ಯಾಕ ಆಗ್ಲಿಲ್ಲ?”

ಯಶೋಧರಾ ಹೇಳಲು ಹೋಗಿ ನಿಲ್ಲಿಸಿದಳು. ಮೂರು ಸಲ ಬಂದು ಹೋದ ಮುದುಕಿಗೆ ಯಾವ ಕಾರಣ ಹೇಳಿದರೂ ಆ ಮೂರು ದಿನ ತಿರುಗಿ ಬರುವುದಿಲ್ಲ. “ತಪ್ಪಾತ್ರಿ” ಎಂದಳು. ಮರೆವ್ವ ಕಾಗದವನ್ನು ಎದೆಯ ಹತ್ತಿರ ಒತ್ತಿಕೊಂಡು ಹೋದಳು.

ಕೆಲವು ವಾರ ಚೆನ್ನಾಗಿ ಕಳೆದವು. ಊಟದ ಹೊತ್ತಿಗೆ ಊಟ ಮಾಡುವುದು ಸಾಧ್ಯವಾಯಿತು. ಸಂಜೆ ಬೆಳಕಿದ್ದಾಗಲೇ ಮನೆ ಸೇರಿದಳು. ಒಂದು ದಿನ ಅರ್ಜುನನ ಜೊತೆ ಕಟ್ಟೆಯ ಮೇಲೆ ನಿಂತು, ಮೀನು ಹಿಡಿಯುವವರು ಬಲೆ ಒಣಗಿಸುವುದನ್ನು ನೋಡಿದಳು. “ಏನ, ಕೈ ಮತ್ತ ಜೋರ ಆದ್ವೇನ?” ಎಂದು ಅರ್ಜುನ ಕೇಳಿದ. “ಕೈ ಯಾವತ್ತೂ ಸಾವಕಾಶ ಇರ್ಲಿಲ್ಲ” ಎಂದಳು. ಅವಳ ದನಿ ಕೇಳಿ ಅವನು ತನ್ನ ಮಾತು ನೆನಪಿಸಿಕೊಂಡಿರಬೇಕು.

ಆಮೇಲೆ ಉಮೇಶ ಹೇಳಿದ್ದೇ ಆಯಿತು. ಮೂರನೆಯ ಕಿಟಕಿ ಜೋರಾಗಿದೆ ಎಂಬುದು ಎಲ್ಲರಿಗೂ ತಿಳಿಯಿತು. ಮಾಲಿಂಗಪ್ಪನವರು ಸುನೀಲನನ್ನು ಮೇಲಿನ ಸಾಹೇಬರ ಕೋಣೆಗೆ ಬೇರೆ ಕೆಲಸಕ್ಕೆ ಹಾಕಿ ಎರಡನೆಯ ಕಿಟಕಿ ಮುಚ್ಚಿಸಿದರು. ಎರಡೂ ಸಾಲು ಒಂದಾದವು. ಸಾಲು ಬೇವಿನ ಗಿಡ ದಾಟಿ ರಸ್ತೆಗೆ ಹೋಯಿತು. ಈಗ ಪರದೆ ಕಾಯಿಸುತ್ತಿರಲಿಲ್ಲವಾದ್ದರಿಂದ ಕಣ್ಣು ಮುಚ್ಚಿ ತೆರೆಯುವಷ್ಟು ಬಿಡುವೂ ಇಲ್ಲ. ಮೊದಲು ಯಂತ್ರ ನಿಂತಾಗಲಾದರೂ ಭುಜ ಒತ್ತಿಕೊಳ್ಳುತ್ತಿದ್ದಳು. ಈಗ ಕತ್ತಲಾದ ಮೇಲಿನ ಬಸ್ಸೇ ಅವಳ ಬಸ್ಸಾಯಿತು. ಅದರಲ್ಲಿ ಬೆರಳಾಡಿಸಿ ನೋಡುವುದಿರಲಿ, ಟಿಕೀಟು ತೆಗೆಸುವಾಗ ಕೈ ಎತ್ತುವುದೂ ಭಾರವಾಗುತ್ತಿತ್ತು.

ಒಂದು ಮುಂಜಾನೆ ಮಾಲಿಂಗಪ್ಪನವರು ಪೆನ್‌ಡ್ರೈವ್ ಹಿಡಿದು ಬಂದರು.

“ಯಶೋದಾಬಾಯಿ, ಇದೊಂದ ಹಾಕ್ರಿ. ಮ್ಯಾಲಿನವ್ರ ಹಾಜರಿ ಎಲ್ಲಾ ಇನ್ನ ಇಲ್ಲೇ ಹಚ್ಚೂದು. ನಿಮ್ಮ ಮಷಿನ್ನ ಜೋರ ಐತಿ.”

“ಇಲ್ರಿ ಸರ್. ಆಗೂದಿಲ್ಲ.”

ಅವಳ ಬಾಯಿಂದ ಅದು ಸಹಜವಾಗಿ ಬಂತು. ಮಾಲಿಂಗಪ್ಪನವರು ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ನಿಂತರು.

“ಏನಂದ್ರಿ?”

“ಮಷಿನ್ನ ಜೋರ ಐತ್ರಿ. ನಾ ಒಬ್ಬಾಕಿ ಅದೇನಿ. ಎರಡನೇ ಕಿಟಕಿ ತಗಸ್ರಿ. ತಗಸೂತನಕ ನಾ ನನ್ನ ಟೈಮಿಗೆ ಏಳ್ತೇನಿ.”

“ಜನಾ ಬಯ್ತಾರ.”

“ಬಯ್ಯಲಿ ಬಿಡ್ರಿ. ಹೆಂಗೂ ಬಯ್ತಿದ್ರು.”

ಅಂದಿನಿಂದ ಅವಳು ಊಟ ಮುಗಿಸಿ ಬಂದು ಹೊರಗೆ ಹೋಗಿ ಸಾಲನ್ನು ನೋಡುತ್ತಿದ್ದಳು. ಇಲ್ಲಿಯವರೆಗಿನವರ ಕೆಲಸ ಇಂದು ಆಗುತ್ತದೆ, ಹಿಂದಿನವರದು ಆಗುವುದಿಲ್ಲ, ಸುಮ್ಮನೆ ಬಸ್ಸು ತಪ್ಪಿಸಿಕೊಳ್ಳಬೇಡಿ ಎಂದು ಹೇಳುತ್ತಿದ್ದಳು. ಜನ ಅವಳನ್ನು ಬೈದರು. ಕೆಲವರು ಮೇಲೆ ಹೋಗಿ ಸಾಹೇಬರ ಎದುರೇ ಕೂಗಾಡಿದರು. ಸಾಹೇಬರು ಕೆಳಗಿಳಿದು ಬಂದು ಮುಚ್ಚಿದ ಎರಡನೆಯ ಕಿಟಕಿ ನೋಡಿ ಮಾಲಿಂಗಪ್ಪನವರನ್ನು ಕೇಳಿದರು. ಮಾಲಿಂಗಪ್ಪನವರು ಏನು ಉತ್ತರ ಕೊಟ್ಟರೋ, ವಾರದಲ್ಲಿ ಮೂರು ದಿನ ಸುನೀಲ ಮತ್ತೆ ಕೆಳಗೆ ಬಂದ. ಉಳಿದ ದಿನ ಎರಡನೆಯ ಕಿಟಕಿ ಮುಚ್ಚಿಯೇ ಇತ್ತು. ಗುತ್ತಿಗೆದಾರರ ಕಡೆಯವರು ಯಶೋಧರಾಗೆ ಫೋನು ಮಾಡಿ, ಎದುರುತ್ತರ ಕೊಡುವವರು ನಮಗೆ ಬೇಡ ಎಂದು ಎಚ್ಚರಿಸಿದರು. ಆ ಸಲ ಗುತ್ತಿಗೆಯನ್ನು ವರ್ಷಕ್ಕಲ್ಲ, ಆರು ತಿಂಗಳಿಗೆ ಮಾತ್ರ ಮುಂದುವರಿಸಿದರು. ಅವಳು ಅದನ್ನು ಅರ್ಜುನನಿಗೆ ಹೇಳಿದಾಗ ಅವನು, “ಆರು ತಿಂಗಳ ಮ್ಯಾಲಿಂದು ಆವಾಗ ನೋಡೂಣು” ಎಂದ. ಅವಳಿಗೂ ಅದಕ್ಕಿಂತ ಮುಂದೆ ಯೋಚಿಸುವ ತ್ರಾಣವಿರಲಿಲ್ಲ.

ಆ ಆರು ತಿಂಗಳು ಮುಗಿಯುವ ಮೊದಲೇ ಕಚೇರಿಗೆ ಹೊಸ ಯಂತ್ರಗಳು ಬಂದವು. ಹಳೆಯದರ ಒಳಗಿನ ವ್ಯವಸ್ಥೆಗೆ ಇನ್ನು ಮುಂದೆ ಸುರಕ್ಷತೆಯ ತಿದ್ದುಪಡಿ ಬರುವುದಿಲ್ಲವಂತೆ, ಹೊಸ ವ್ಯವಸ್ಥೆಯನ್ನು ಹಳೆಯ ಯಂತ್ರ ತಾಳುವುದಿಲ್ಲವಂತೆ. ಜೋಡಿಸಲು ಉಮೇಶನೇ ಬಂದ. ಹಳೆಯ ಡಬ್ಬಿಯನ್ನು ಬಿಚ್ಚಿ ಗೋಡೆಗೆ ಇಟ್ಟು ಕೇಳಿದ:

“ಇಷ್ಟ ವರ್ಷದ ಮಷಿನ್ನ. ಬ್ಯಾಸರಾತೇನ್ರಿ ಅಕ್ಕಾರ?”

“ಅದಕ್ಕೇನ ಬ್ಯಾಸರಾ? ನನಗ ದಣಿವಾಗೇತಿ ಅಷ್ಟ.”

ಹೊಸ ಯಂತ್ರ ಗುಂಡಿ ಒತ್ತಿದ ಕೂಡಲೇ ಎದ್ದಿತು. ಸಾಲಿನವರು ಖುಷಿಯಾದರು. ಯಶೋಧರಾ ಖುಷಿಪಡಲಿಲ್ಲ, ದುಃಖವೂ ಪಡಲಿಲ್ಲ. ಬೇಕಾದಷ್ಟನ್ನೇ ಹಾಕಿಸಿಕೊಂಡಳು.

ನಾಲ್ಕು ದಿನವಾಗಿರಲಿಲ್ಲ, ಮೇಲಿನ ಕೋಣೆಯ ಒಬ್ಬ ಗುಮಾಸ್ತ ಪೆನ್‌ಡ್ರೈವ್ ಹಿಡಿದು ಇಳಿದು ಬಂದ. ಹೊಸ ಯಂತ್ರವಲ್ಲವೇ, ಇದೊಂದು ಸಣ್ಣದು, ಹಾಕಿಬಿಡಿ ಎಂದ.

“ಇದು ಯಾರಿಗೆ ಬೇಕ್ರಿ?” ಎಂದು ಯಶೋಧರಾ ಕೇಳಿದಳು.

“ಮ್ಯಾಲಿಂದ ಕೊಟ್ಟಾರ.”

“ಎಷ್ಟ ದಿನಾ ಬೇಕು? ಕೆಲಸಾ ಮುಗದ ಮ್ಯಾಲೆ ತಗಿಯೂದ ಯಾರು?”

ಅವನಿಗೆ ಗೊತ್ತಿರಲಿಲ್ಲ. ಇಂಥದ್ದನ್ನು ಯಾರೂ ಈವರೆಗೆ ಕೇಳಿರಲಿಲ್ಲ. ಕೇಳಿಕೊಂಡು ಬರುತ್ತೇನೆ ಎಂದು ಪೆನ್‌ಡ್ರೈವನ್ನು ಕಿಸೆಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ. ನಾಳೆಯೋ ನಾಡಿದ್ದೋ ಅವನು ಮತ್ತೆ ಬರುತ್ತಾನೆ, ಅವನಲ್ಲದಿದ್ದರೆ ಇನ್ನೊಬ್ಬ ಬರುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಬಲಭುಜವನ್ನು ಒಮ್ಮೆ ಎಡಗೈಯಿಂದ ಒತ್ತಿಕೊಂಡಳು. ಕಿಟಕಿಯಾಚೆ ಒಬ್ಬ ರೈತ ಚೀಲದಿಂದ ಕಾಗದ ತೆಗೆಯುತ್ತಿದ್ದ. “ಹೆಸರ ಹೇಳ್ರಿ” ಎಂದಳು.